ಪುಟ್ಟ ಮಕ್ಕಳೊಂದಿಗೆ ವೈದ್ಯಕೀಯ ಅಧ್ಯಯನಕ್ಕಾಗಿ ಬೆಂಗಳೂರಿಗೆ ಹೊರಡುವ ಮುನ್ನ

ಮಗುವನ್ನು ಚಿಕಿತ್ಸೆಗೆಂದು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದೇ ಬೇರೆ, ವೈದ್ಯಕೀಯ ಸಂಶೋಧನೆಯ ಅಧ್ಯಯನವೊಂದರಲ್ಲಿ ಭಾಗವಹಿಸಲು ಕರೆದೊಯ್ಯುವುದೇ ಬೇರೆ. ಚಿಕಿತ್ಸೆಗೆ ಹೋದಾಗ ಮಗು ದಣಿದಿದ್ದರೆ ವೈದ್ಯರು ಅದನ್ನು ಗಮನದಲ್ಲಿಟ್ಟುಕೊಂಡು ಪರೀಕ್ಷಿಸುತ್ತಾರೆ. ಅಧ್ಯಯನದಲ್ಲಾದರೆ ಆ ದಣಿವೂ ಅಳತೆಯೊಳಗೆ ಸೇರಿಹೋಗುತ್ತದೆ. ಡುಷೇನ್ ಸ್ನಾಯುಕ್ಷಯ ಇರುವ ಹುಡುಗರನ್ನು ಆರು ನಿಮಿಷ ನಡೆಸಿ ಎಷ್ಟು ಮೀಟರ್ ನಡೆದರೆಂದು ಅಳೆಯುವ ಪರೀಕ್ಷೆ ಇಂತಹ ಅಧ್ಯಯನಗಳಲ್ಲಿ ಸಾಮಾನ್ಯ. ರಾತ್ರಿಯಿಡೀ ಬಸ್ಸಿನ ಸೀಟಿನಲ್ಲಿ ಮುದುಡಿ ಕುಳಿತು ಬೆಳಿಗ್ಗೆ ನೇರವಾಗಿ ಆಸ್ಪತ್ರೆಗೆ ಬಂದ ಹುಡುಗ ಎಷ್ಟು ನಡೆದಾನು? ಆದ್ದರಿಂದ ಪ್ರಯಾಣದ ಏರ್ಪಾಡನ್ನು ಅಧ್ಯಯನದ ಭಾಗವೆಂದೇ ತಿಳಿದು, ಮನೆ ಬಿಡುವ ಮೊದಲೇ ಸ್ಟಡಿ ಕೋಆರ್ಡಿನೇಟರ್ (ಅಧ್ಯಯನದ ಭೇಟಿಗಳನ್ನು ಹೊಂದಿಸುವ ಸಿಬ್ಬಂದಿ) ಅವರೊಂದಿಗೆ ಫೋನಿನಲ್ಲಿ ಎಲ್ಲವನ್ನೂ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಅಧ್ಯಯನದ ಸಾಚಾತನವನ್ನು ನೋಡಿ. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯವಾಗಿದೆ. ಈ ನೋಂದಣಿಯ ಜಾಲತಾಣವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನೋಂದಣಿ ಸಂಖ್ಯೆ ಕೇಳಿದರೆ ಕೊಡಲು ಹಿಂಜರಿಯುವವರ ಬಳಿಗೆ ಮಗುವನ್ನು ಕರೆದೊಯ್ಯಬೇಕಾಗಿಲ್ಲ. ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರಗಳ ಕನ್ನಡ ಪ್ರತಿಯನ್ನು ಮುಂಚಿತವಾಗಿಯೇ ತರಿಸಿಕೊಂಡು ಮನೆಯಲ್ಲಿ ಕುಳಿತು ಓದಿ; ಆಸ್ಪತ್ರೆಯ ವರಾಂಡದಲ್ಲಿ ಒಂದು ಮಗು ಅಳುತ್ತಿರುವಾಗ, ಇನ್ನೊಂದು ಓಡುತ್ತಿರುವಾಗ ಹತ್ತಾರು ಪುಟಗಳನ್ನು ಓದಲು ಯಾರಿಗೂ ಸಾಧ್ಯವಿಲ್ಲ. ಓದುವಾಗ ಎಷ್ಟು ಸಲ ರಕ್ತ ತೆಗೆಯುತ್ತಾರೆ, ಪ್ರತಿ ಸಲ ಎಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಿ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವುದು ಸುಮಾರು 800 ಮಿಲಿಲೀಟರ್ ರಕ್ತ. ಯುರೋಪಿನ ಮಾರ್ಗಸೂಚಿಯಂತೆ ಸಂಶೋಧನೆಗಾಗಿ ಒಂದು ಸಲಕ್ಕೆ ಇದರ ಶೇಕಡಾ ಒಂದನ್ನು, ನಾಲ್ಕು ವಾರಗಳಲ್ಲಿ ಶೇಕಡಾ ಮೂರನ್ನು ಮೀರಬಾರದು. ಅಂದರೆ ಈ ಮಗುವಿನಿಂದ ಒಂದು ಸಲಕ್ಕೆ 8 ಮಿಲಿಲೀಟರ್, ನಾಲ್ಕು ವಾರಗಳಲ್ಲಿ 24. ಪತ್ರದಲ್ಲಿರುವ ಪ್ರಮಾಣ ಇದಕ್ಕಿಂತ ಹೆಚ್ಚಿದ್ದರೆ ಏಕೆಂದು ಕೇಳುವ ಹಕ್ಕು ನಿಮಗಿದೆ.

ಮಗುವಿನೊಂದಿಗೆ ಯಾರು ಹೋಗಬೇಕೆಂಬುದನ್ನು ಮನೆಯವರ ಅನುಕೂಲವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಒಪ್ಪಿಗೆ ಪತ್ರಕ್ಕೆ ತಂದೆ ಅಥವಾ ತಾಯಿ, ಅವರಿಲ್ಲದಿದ್ದರೆ ಕಾನೂನುಬದ್ಧ ಪೋಷಕರು ಸಹಿ ಹಾಕಬೇಕು. ಅಪ್ಪನಿಗೆ ರಜೆ ಸಿಗಲಿಲ್ಲವೆಂದು, ಅಮ್ಮ ಬಾಣಂತಿಯೆಂದು ಅಜ್ಜಿಯನ್ನೋ ಸೋದರಮಾವನನ್ನೋ ಕಳುಹಿಸಿದರೆ, ಅವರು ಮಗುವನ್ನು ಎಷ್ಟೇ ಅಕ್ಕರೆಯಿಂದ ನೋಡಿಕೊಂಡರೂ ಅವರ ಸಹಿ ನಡೆಯುವುದಿಲ್ಲ, ಬಂದ ದಾರಿಗೆ ಸುಂಕವಿಲ್ಲ. ಕೆಲವು ಅಧ್ಯಯನಗಳಲ್ಲಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ನಡುವೆ ಅಧ್ಯಯನದ ವಿಧಾನ ಬದಲಾದರೆ ಹೊಸ ಪತ್ರಕ್ಕೆ ಮತ್ತೆ ಸಹಿ ಬೇಕಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಏಳು ವರ್ಷ ದಾಟಿದ ಮಗುವಿಗೆ ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ವಿವರಿಸಿ ಅದರ ಸಮ್ಮತಿಯನ್ನೂ ಪಡೆಯಬೇಕು. ಆದ್ದರಿಂದ ‘ಮೃಗಾಲಯಕ್ಕೆ ಹೋಗೋಣ ಬಾ’ ಎಂದು ಪುಸಲಾಯಿಸಿ ಕರೆತರುವುದು ಬೇಡ. ಆಸ್ಪತ್ರೆಯಲ್ಲಿ ಅದು ಹೇಗೂ ಬಯಲಾಗುತ್ತದೆ, ಮುಂದಿನ ಸಲ ಮಗು ಮನೆಯ ಹೊಸ್ತಿಲನ್ನೇ ದಾಟುವುದಿಲ್ಲ.

ಹಣದ ಮಾತನ್ನು ಸಂಕೋಚವಿಲ್ಲದೆ ಆಡಿ. ಮಗುವನ್ನು ಸೇರಿಸಿದ್ದಕ್ಕಾಗಿ ಪೋಷಕರಿಗೆ ಆಮಿಷವೆನಿಸುವಷ್ಟು ಹಣ ಕೊಡುವಂತಿಲ್ಲ, ಆದರೆ ಪ್ರಯಾಣ ಮತ್ತು ಇತರ ಖರ್ಚುಗಳನ್ನು ಭರಿಸಬಹುದೆಂದು ಐಸಿಎಂಆರ್‌ನ ಅದೇ ಮಾರ್ಗಸೂಚಿ ಹೇಳುತ್ತದೆ. ಒಬ್ಬ ಪೋಷಕರ ಖರ್ಚು ಕೊಡುತ್ತಾರೋ ಇಬ್ಬರದೋ, ಹಾಲು ಕುಡಿಯುವ ತಮ್ಮನೋ ತಂಗಿಯೋ ಜೊತೆಗಿದ್ದರೆ ಏನು, ಮುಂಗಡ ಸಿಗುತ್ತದೆಯೇ ಅಥವಾ ರಸೀದಿ ಕೊಟ್ಟ ಮೇಲೆ ಖಾತೆಗೆ ಬರುತ್ತದೆಯೇ ಎಂದು ಕೇಳಿ ತಿಳಿಯಿರಿ. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಮೊದಲ ಭೇಟಿ ಬಹುಪಾಲು ಸ್ಕ್ರೀನಿಂಗ್‌ಗಾಗಿ ಇರುತ್ತದೆ; ವಂಶವಾಹಿ ಪರೀಕ್ಷೆಯ ವರದಿ ಅಧ್ಯಯನದ ಷರತ್ತಿಗೆ ಹೊಂದದೆ, ಅಥವಾ ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ಸಂಬಂಧಿಸಿದ ಅಂಶವೊಂದು ಮಿತಿ ಮೀರಿ, ಮಗು ಅಧ್ಯಯನಕ್ಕೆ ಆಯ್ಕೆಯಾಗದೇ ಹೋಗಬಹುದು. ಆಗಲೂ ಬಂದುಹೋದ ಖರ್ಚು ಸಿಗುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆದುಕೊಳ್ಳಿ, ಮನೆಯ ಹಿರಿಯರಿಗೂ ಈ ಸಾಧ್ಯತೆಯನ್ನು ಮೊದಲೇ ತಿಳಿಸಿಡಿ.

ಭೇಟಿಯ ದಿನಾಂಕಕ್ಕೆ ಸಾಮಾನ್ಯವಾಗಿ ಹಿಂದೆ ಮುಂದೆ ಕೆಲವು ದಿನಗಳ ಅವಕಾಶವಿರುತ್ತದೆ. ಅದನ್ನು ತಿಳಿದುಕೊಂಡರೆ ದಸರಾ, ದೀಪಾವಳಿಯ ನೂಕುನುಗ್ಗಲಿನಿಂದ ಪಾರಾಗಬಹುದು. ರೈಲಿನಲ್ಲಿ 60 ದಿನ ಮುಂಚಿತವಾಗಿ ಕಾಯ್ದಿರಿಸಬಹುದು. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡವಾದರೂ ಪ್ರತ್ಯೇಕ ಬರ್ತ್ ಇರುವುದಿಲ್ಲ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬರ್ತ್ ಬೇಕೆಂದರೆ ಪೂರ್ಣ ದರ ಕೊಡಬೇಕು. ಮರುದಿನ ಪರೀಕ್ಷೆಯಿದ್ದರೆ ಆ ದರ ಕೊಟ್ಟು ಮಗುವನ್ನು ಕಾಲು ಚಾಚಿ ಮಲಗಿಸುವುದೇ ಲೇಸು. ರೈಲು ಮೆಜೆಸ್ಟಿಕ್ ಬಳಿಯ ನಿಲ್ದಾಣಕ್ಕೆ ಬರುತ್ತದೆಯೋ, ಯಶವಂತಪುರಕ್ಕೋ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೋ ನೋಡಿಕೊಳ್ಳಿ, ಏಕೆಂದರೆ ಬೆಳಗಿನ ವಾಹನ ದಟ್ಟಣೆಯಲ್ಲಿ ಅಲ್ಲಿಂದ ಆಸ್ಪತ್ರೆ ತಲುಪುವುದೇ ಮತ್ತೊಂದು ಪ್ರಯಾಣವಾಗಬಹುದು. ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ತಾಯಿಗೆ ಶೂನ್ಯ ದರದ ಟಿಕೆಟ್ ಸಿಗುತ್ತದೆ. ಅದನ್ನೂ ಉಳಿದ ಟಿಕೆಟ್‌ಗಳೊಂದಿಗೆ ಜೋಪಾನವಾಗಿಡಿ, ಪ್ರಯಾಣದ ದಿನಕ್ಕೆ ಅದು ದಾಖಲೆಯಾಗುತ್ತದೆ. ಸಾಧ್ಯವಾದಷ್ಟೂ ಹಿಂದಿನ ದಿನ ಮಧ್ಯಾಹ್ನವೇ ಬೆಂಗಳೂರು ಸೇರಿ. ಆಸ್ಪತ್ರೆಯ ಧರ್ಮಶಾಲೆಯಲ್ಲಿ ಅಧ್ಯಯನಕ್ಕೆ ಬಂದವರಿಗೂ ಜಾಗ ಕೊಡುತ್ತಾರೆಯೇ ಎಂದು ಕೋಆರ್ಡಿನೇಟರ್ ಮೂಲಕವೇ ವಿಚಾರಿಸಿ.

ಪರೀಕ್ಷೆಗಳ ತಯಾರಿ ಮನೆಯಿಂದಲೇ ಆರಂಭವಾಗಬೇಕು. ಎಂಆರ್‌ಐ ಇದ್ದರೆ ಬೆಳ್ಳಿಯ ಉಡಿದಾರ, ಕಾಲ್ಗೆಜ್ಜೆ, ತಾಯಿತ, ಕಿವಿಯ ಓಲೆ ಯಾವುದೂ ಮೈಮೇಲೆ ಇರಬಾರದು. ವರ್ಷಗಟ್ಟಲೆ ತೆಗೆಯದ ಓಲೆಯ ತಿರುಪು ಆಸ್ಪತ್ರೆಯಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಊರಿನಲ್ಲೇ ಪರಿಚಯದ ಅಕ್ಕಸಾಲಿಗರಿಂದ ತೆಗೆಸಿ. ಉಡಿದಾರ ತೆಗೆಯಲು ಅಜ್ಜಿ ಒಪ್ಪದಿದ್ದರೆ ಅಂದಿನ ಮಟ್ಟಿಗೆ ಬರಿಯ ಹತ್ತಿನೂಲಿನ ದಾರ ಕಟ್ಟಬಹುದು. ಇಇಜಿ (ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ) ಇದ್ದರೆ ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಆಮೇಲೆ ಎಣ್ಣೆ ಹಚ್ಚಬೇಡಿ; ಜಿಡ್ಡಿನ ಮೇಲೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ. ಮಗುವನ್ನು ಮದ್ದು ಕೊಟ್ಟು ಮಲಗಿಸುವ ಪರೀಕ್ಷೆಗೆ ಹಸಿದ ಹೊಟ್ಟೆ ಬೇಕು: ಸಾಮಾನ್ಯ ಕ್ರಮದಲ್ಲಿ ತಿಂಡಿ ಮತ್ತು ಹಸುವಿನ ಹಾಲನ್ನು ಆರು ಗಂಟೆ ಮೊದಲು, ಎದೆಹಾಲನ್ನು ನಾಲ್ಕು ಗಂಟೆ ಮೊದಲು, ತಿಳಿನೀರನ್ನು ಎರಡು ಗಂಟೆ ಮೊದಲು ನಿಲ್ಲಿಸುತ್ತಾರೆ, ನಿಮಗೆ ಕೊಟ್ಟ ಚೀಟಿಯಲ್ಲಿ ಬೇರೆ ಸಮಯವಿದ್ದರೆ ಅದನ್ನೇ ಪಾಲಿಸಿ. ಇಂತಹ ದಿನ ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ, ಪರೀಕ್ಷೆ ಮುಗಿದೊಡನೆ ಕೊಡಲು ಮಗುವಿಗೆ ಒಗ್ಗುವ ಬುತ್ತಿ ಕೈಯಲ್ಲೇ ಇರಲಿ. ಜೊತೆಗೆ ಬಂದ ಇನ್ನೊಂದು ಮಗು ಉಪವಾಸದ ಮಗುವಿನ ಎದುರು ಬಿಸ್ಕತ್ತು ತಿನ್ನದಂತೆ ನೋಡಿಕೊಳ್ಳುವುದಕ್ಕಾಗಿಯೇ ಎರಡನೆಯ ದೊಡ್ಡವರೊಬ್ಬರು ಬೇಕಾಗುತ್ತದೆ.

ಔಷಧಿಗಳ ವಿಷಯದಲ್ಲಿ ಮುಚ್ಚುಮರೆ ಸಲ್ಲದು. ಘಟ್ಟದ ತಿರುವುಗಳಲ್ಲಿ ವಾಂತಿಯಾಗುತ್ತದೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ಕೇಳದೆ ಕೊಡಬೇಡಿ. ಅವೊಮಿನ್‌ನಂತಹ ಪ್ರೊಮೆಥಜೀನ್ ಮಾತ್ರೆಯನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ತೇಯ್ದು ನೆಕ್ಕಿಸುವ ಬಜೆ, ನಾಟಿ ವೈದ್ಯರ ಕಷಾಯ ಎಲ್ಲವನ್ನೂ ದಿನಾಂಕದೊಂದಿಗೆ ಬರೆದಿಟ್ಟು ತೋರಿಸಿ. ಬೈದಾರೆಂದು ಹೆದರಿ ಕಷಾಯದ ಸುದ್ದಿಯನ್ನು ಬಚ್ಚಿಟ್ಟರೆ, ರಕ್ತಪರೀಕ್ಷೆಯಲ್ಲಿ ಕಂಡ ಏರುಪೇರನ್ನು ಹೊಸ ಔಷಧಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ದಿನವೂ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವಿನ ಮಾತ್ರೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ತಾಯಿ ಕಾರ್ಡ್, ಹಳೆಯ ವರದಿಗಳು, ಮಗುವಿನ ಜನನ ಪ್ರಮಾಣಪತ್ರ, ಪೋಷಕರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೂ ಅಲ್ಲೇ ಇರಲಿ. ಹೊರಡುವ ಹಿಂದಿನ ದಿನ ಜ್ವರವೋ ಭೇದಿಯೋ ಕಾಣಿಸಿಕೊಂಡರೆ ಟಿಕೆಟ್ ಹಾಳಾಗುತ್ತದೆಂದು ಹೊರಟುಬಿಡದೆ ಮೊದಲು ಫೋನ್ ಮಾಡಿ.

ಸೂಜಿಯ ಭಯಕ್ಕೂ ಉಪಾಯಗಳಿವೆ. ಚರ್ಮ ಮರಗಟ್ಟಿಸುವ ಕ್ರೀಮ್ ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕಾದ್ದರಿಂದ ಅದನ್ನು ಬಂದ ಕೂಡಲೇ ಕೇಳಬೇಕು. ಉಪವಾಸದ ಕಟ್ಟಳೆಯಿಲ್ಲದ ಹಸುಗೂಸಿಗೆ ರಕ್ತ ತೆಗೆಯುವಾಗ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ.

ಸಹಿ ಮಾಡಿದ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದ ಮೇಲೆಯೇ ಊರಿಗೆ ಹೊರಡಿ. ಮುಖ್ಯ ಸಂಶೋಧಕರ ಮತ್ತು ಎಥಿಕ್ಸ್ ಕಮಿಟಿಯ (ಭಾಗವಹಿಸುವವರ ಹಿತ ಕಾಯುವ ನೈತಿಕತಾ ಸಮಿತಿ) ದೂರವಾಣಿ ಸಂಖ್ಯೆಗಳು ಅದರಲ್ಲಿರುತ್ತವೆ. ಅಧ್ಯಯನದ ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾಗಿದ್ದರೆ ತಂಪು ಪೆಟ್ಟಿಗೆಯನ್ನು ಅವರಿಂದಲೇ ಕೇಳಿ. ಸೀಸೆಗೆ ಮಂಜುಗಡ್ಡೆ ನೇರವಾಗಿ ತಾಗಬಾರದು, ಏಕೆಂದರೆ ಕೆಲವು ಔಷಧಿಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಮನೆಗೆ ಬಂದ ಮೇಲೆ ಮಗು ತಾಲ್ಲೂಕು ಆಸ್ಪತ್ರೆಯಲ್ಲಿ ದಾಖಲಾಗಬೇಕಾಗಿ ಬಂದರೆ, ಕಾರಣ ಬೇರೆಯೇ ಎಂದು ನಿಮಗನ್ನಿಸಿದರೂ ಅಂದೇ ಸಂಶೋಧಕರಿಗೆ ತಿಳಿಸಿ. ಔಷಧ ಪ್ರಯೋಗದಲ್ಲಿ ಅಂತಹ ಘಟನೆಯನ್ನು ಅದು ನಡೆದ 24 ಗಂಟೆಗಳೊಳಗೆ ಅವರು ವರದಿ ಮಾಡಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಮಗುವಿಗೆ ಸಲ್ಲಬೇಕು. ಡಿಸ್ಚಾರ್ಜ್ ಚೀಟಿಯನ್ನು ಕಾದಿಡಿ. ಖಾಲಿಯಾದ ಮಾತ್ರೆಯ ಪಟ್ಟಿ, ಸೀಸೆಗಳನ್ನೂ ಎಸೆಯಬೇಡಿ. ಮುಂದಿನ ಭೇಟಿಯಲ್ಲಿ ಅವನ್ನು ಎಣಿಸಿ ಲೆಕ್ಕ ಬರೆದುಕೊಳ್ಳುತ್ತಾರೆ.