ಪ್ರಾವಿಷನಲ್ ಬ್ಯಾಲಟ್ ಹಾಕಿ ಬಂದಿದೀರಾ? ಅದು ಲೆಕ್ಕಕ್ಕೆ ಬಂತಾ ಅಂತ ಹೀಗೆ ನೋಡ್ಕೊಳ್ಳಿ

ಅಮೆರಿಕದಲ್ಲಿ ಸಿಟಿಜನ್‌ಶಿಪ್ ತಗೊಂಡಿರೋ ನಮ್ಮೋರಿಗೆ, ಅದ್ರಲ್ಲೂ ಮಕ್ಕಳ ಜೊತೆ ಬಂದು ಇಲ್ಲೇ ನೆಲೆ ನಿಂತಿರೋ ಅಪ್ಪ ಅಮ್ಮಂದಿರಿಗೋಸ್ಕರ ಇದನ್ನ ಬರೀತಿದೀನಿ.

ಬೂತಲ್ಲಿ ಲಿಸ್ಟ್ ನೋಡಿ ಹೆಸರಿಲ್ಲ ಅಂದ್ರು, ಇಲ್ಲಾ ಐಡಿ ತಂದಿಲ್ಲ ಅಂದ್ರು, ಇಲ್ಲಾ ನಿಮಗೆ ಆಗ್ಲೇ ಪೋಸ್ಟಲ್ಲಿ ಬ್ಯಾಲಟ್ ಕಳ್ಸಿದೀವಲ್ಲ ಅಂದ್ರು ಅಂತಿಟ್ಕೊಳ್ಳಿ, ಹೆಚ್ಚಿನ ರಾಜ್ಯಗಳಲ್ಲಿ ಬರಿಗೈಲಿ ವಾಪಸ್ ಕಳ್ಸಲ್ಲ, ಪ್ರಾವಿಷನಲ್ ಬ್ಯಾಲಟ್, ಅಂದ್ರೆ ತಾತ್ಕಾಲಿಕ ಮತಪತ್ರ ಕೊಡ್ತಾರೆ. ಗುರುತು ಮಾಡಿ ಕವರಿಗೆ ಹಾಕಿ ಸಹಿ ಹಾಕಿ ಕೊಟ್ಟು ಬರ್ತೀರಿ. ಆದ್ರೆ ಆ ಕವರು ಅವತ್ತು ರಾತ್ರಿ ಎಣಿಕೆಗೆ ಹೋಗಲ್ಲ. ನೀವು ರಿಜಿಸ್ಟರ್ ಆಗಿದೀರಾ, ಇನ್ನೊಂದು ಕಡೆ ಓಟು ಹಾಕಿಲ್ವಾ, ಸಹಿ ತಾಳೆ ಆಗುತ್ತಾ, ಇದನ್ನೆಲ್ಲ ಕೌಂಟಿ (ನಮ್ಮ ಜಿಲ್ಲೆ ಥರ) ಎಲೆಕ್ಷನ್ ಆಫೀಸಿನವರು ನೋಡಿದ್ಮೇಲೇ ಅದನ್ನ ಒಡೆಯೋದು.

ನಮ್ಮತ್ತೆದು ಹೀಗೇ ಆಯ್ತು. ಓಟು ಎಣಿಕೆ ಆಯ್ತಾ ಅಂತ ನೋಡ್ಕೊಳ್ಳೋಕೆ ಬೂತಲ್ಲಿ ಕೊಟ್ಟ ಚೀಟಿ ತಂದು ದೇವರ ಮನೆ ಡ್ರಾಯರಲ್ಲಿ ಇಟ್ಟಿದ್ರು, ನಾವ್ಯಾರೂ ಕೇಳ್ಲಿಲ್ಲ. ಒಂದೂವರೆ ತಿಂಗಳಾದ್ಮೇಲೆ ಸಿಕ್ತು, ನೋಡಿದ್ರೆ ಸಹಿ ಹೊಂದ್ಲಿಲ್ಲ ಅಂತ ರಿಜೆಕ್ಟ್ ಆಗಿದೆ. ರಿಜಿಸ್ಟರ್ ಮಾಡ್ಸುವಾಗ ಅವರು ಸಹಿ ಹಾಕಿದ್ದು ಕನ್ನಡದಲ್ಲಿ, ಬೂತಲ್ಲಿ ಯಾಕೋ ಗಾಬರಿಯಾಗಿ ಇಂಗ್ಲಿಷಲ್ಲಿ ಹಾಕಿದಾರೆ. ಮೊದಲ ಸಲ ಓಟು ಹಾಕ್ತೀನಿ ಅಂತ ಸೀರೆ ಉಟ್ಕೊಂಡು ಹೋಗಿದ್ರು ಪಾಪ. ನನಗೆ ಈಗ್ಲೂ ಸಂಕಟ ಆಗುತ್ತೆ.

ಅದಕ್ಕೇ ಮೊದಲನೇ ಮಾತು, ಆ ಚೀಟಿ ಬಿಸಾಕ್ಬೇಡಿ. ನಿಮ್ಮ ಓಟು ಎಣಿಕೆ ಆಯ್ತಾ ಅಂತ ಹೇಗೆ ತಿಳ್ಕೊಳ್ಳೋದು ಅನ್ನೋದನ್ನ ಬೂತಲ್ಲೇ ಬರವಣಿಗೇಲಿ ಕೊಡ್ಬೇಕು ಅಂತ 2002ರ ಹೆಲ್ಪ್ ಅಮೆರಿಕ ವೋಟ್ ಆಕ್ಟ್ ಹೇಳುತ್ತೆ. ಫ್ಲೋರಿಡಾದಲ್ಲಿ 537 ಓಟಿನ ಅಂತರದಲ್ಲಿ ಪ್ರೆಸಿಡೆಂಟ್ ಯಾರು ಅಂತ ತೀರ್ಮಾನ ಆಯ್ತಲ್ಲ 2000ದಲ್ಲಿ, ಆ ಗಲಾಟೆ ಆದ್ಮೇಲೆ ಬಂದ ಕಾನೂನು ಇದು. ಕೊಡ್ಲಿಲ್ಲ ಅಂದ್ರೆ ಅಲ್ಲೇ ನಿಂತು ಕೇಳಿ, ಸಂಕೋಚ ಬೇಡ. ಮನೆಗೆ ಬಂದ ತಕ್ಷಣ ಚೀಟಿ ಫೋಟೋ ತಗೊಂಡು ಮಕ್ಕಳಿಗೆ ವಾಟ್ಸಾಪ್ ಮಾಡಿ.

ಎರಡನೇದು ಟೈಮು. ಐಡಿ ಇಲ್ದೆ ಪ್ರಾವಿಷನಲ್ ಹಾಕಿದ್ರೆ ಆಮೇಲೆ ಹೋಗಿ ತೋರ್ಸೋಕೆ ಸಿಗೋದು ಕೆಲವೇ ದಿನ. ಟೆಕ್ಸಾಸಲ್ಲಿ ಎಲೆಕ್ಷನ್ ಆಗಿ 6 ದಿನ, ಜಾರ್ಜಿಯಾದಲ್ಲಿ 3 ದಿನ, ವಿಸ್ಕಾನ್ಸಿನಲ್ಲಿ ಅದೇ ವಾರದ ಶುಕ್ರವಾರ ಸಂಜೆ 4 ಗಂಟೆ ಒಳಗೆ. ರಿಸಲ್ಟ್ ಬಂದಾಯ್ತಲ್ಲ ಇನ್ಯಾಕೆ ಅಂತ ಕೂತ್ರೆ ಮುಗೀತು. ಕರ್ನಾಟಕದ ಸಂತೇಮರಹಳ್ಳೀಲಿ 2004ರ ವಿಧಾನಸಭೆ ಚುನಾವಣೇಲಿ ಧ್ರುವನಾರಾಯಣ ಒಂದೇ ಒಂದು ಓಟಲ್ಲಿ ಗೆದ್ದಿದ್ದು ನಮ್ಮ ಕಡೆಯೋರಿಗೆ ಮರ್ತಿರಲ್ಲ.

ಮೂರನೇದು, ಓಟು ಎಣಿಕೆ ಆಯ್ತಾ ಅಂತ ನೋಡೋದು. ನಿಮ್ಮ ರಾಜ್ಯದ ಅಥವಾ ಕೌಂಟಿಯ ವೆಬ್‌ಸೈಟಲ್ಲಿ, ಇಲ್ಲಾಂದ್ರೆ ಚೀಟೀಲಿರೋ ಟೋಲ್ ಫ್ರೀ ನಂಬರಲ್ಲಿ ಸಿಗುತ್ತೆ, ದುಡ್ಡೇನೂ ಕೊಡ್ಬೇಕಾಗಿಲ್ಲ. ಹೆಸರು, ಹುಟ್ಟಿದ ದಿನ, ಕೆಲವು ಕಡೆ ಚೀಟಿ ಮೇಲಿರೋ ನಂಬರ್ ಕೇಳ್ತಾರೆ. ಕ್ಯಾಲಿಫೋರ್ನಿಯಾದವರು ಮೈ ವೋಟರ್ ಸ್ಟೇಟಸ್ ಪೇಜಿಗೆ ಹೋಗಿ. ಹೆಸರು ಹಾಕುವಾಗ ಹುಷಾರು, ನಮ್ಮ ಇನಿಷಿಯಲ್ಲು ಪಾಸ್‌ಪೋರ್ಟಲ್ಲಿ ಬಿಡಿಸಿ ಊರ ಹೆಸರೋ ಅಪ್ಪನ ಹೆಸರೋ ಲಾಸ್ಟ್ ನೇಮ್ ಆಗಿ ಕೂತಿರುತ್ತೆ, ಲೈಸೆನ್ಸಲ್ಲಿ ಇನ್ನೊಂದು ಥರ. ರಿಜಿಸ್ಟರ್ ಆದಾಗ ಏನು ಬರೆದಿದ್ರೋ ಅದನ್ನೇ ಹಾಕಿ. ರೆಕಾರ್ಡ್ ಸಿಗ್ಲಿಲ್ಲ ಅಂತ ಬಂದ್ರೆ ಓಟು ಹೋಯ್ತು ಅಂದ್ಕೋಬೇಡಿ, ಮೊದಲು ಹೆಸರು ತಿರುಗಿಸಿ ಹಾಕಿ ನೋಡಿ. ಇನ್ನೂ ಎಣಿಕೆ ನಡೀತಿದೆ ಅಂದ್ರೆ ವಾರ ಬಿಟ್ಟು ಮತ್ತೆ ನೋಡಿ, ಕ್ಯಾಲಿಫೋರ್ನಿಯಾದಂಥ ಕಡೆ ಎಲ್ಲ ಮುಗಿಯೋಕೆ ಒಂದು ತಿಂಗಳವರೆಗೂ ಆಗುತ್ತೆ.

ಈ ಮಾಹಿತಿ ಓಟು ಹಾಕಿದೋರಿಗೆ ಮಾತ್ರ ಹೇಳ್ಬೇಕು ಅಂತಾನೂ ಕಾನೂನಲ್ಲಿದೆ. ಮಗನೋ ಸೊಸೇನೋ ಅವರ ಪರವಾಗಿ ಫೋನ್ ಮಾಡಿದ್ರೆ ಹೇಳಲ್ಲ, ಸ್ಪೀಕರ್ ಆನ್ ಮಾಡಿ ಅಪ್ಪನ್ನೋ ಅಮ್ಮನ್ನೋ ಪಕ್ಕದಲ್ಲಿ ಕೂರ್ಸ್ಕೊಂಡು ಅವರ ಬಾಯಿಂದಾನೇ ಹೆಸರು ಹೇಳ್ಸಿ. ಯಾರಿಗೆ ಓಟು ಹಾಕಿದ್ರು ಅನ್ನೋದು ಅಲ್ಲಿ ಯಾರಿಗೂ ಕಾಣ್ಸಲ್ಲ, ಭಯ ಬೇಡ.

ಎಣಿಕೆ ಆಗಿಲ್ಲ ಅಂದ್ರೆ ಯಾಕೆ ಅಂತ ಹೇಳೋದೂ ಅವರ ಕರ್ತವ್ಯ, ಆ ಕಾರಣ ಬರ್ಕೊಳ್ಳಿ, ಯಾಕಂದ್ರೆ ಸರಿ ಮಾಡ್ದೇ ಬಿಟ್ರೆ ಮುಂದಿನ ಸಲಾನೂ ಅದೇ ಆಗುತ್ತೆ. ಮನೆ ಬದಲಾಯಿಸಿದ್ರೆ ಅಡ್ರೆಸ್ ಅಪ್‌ಡೇಟ್ ಮಾಡಿ, ಹೆಸರು ತಪ್ಪಿದ್ರೆ ತಿದ್ದಿಸಿ. ಸಹಿ ತೊಂದರೆ ಆಗಿದ್ರೆ ಹೊಸದಾಗಿ ರಿಜಿಸ್ಟ್ರೇಷನ್ ಫಾರಂ ತುಂಬಿ ಈಗ ಹಾಕೋ ಸಹಿ ಕೊಡಿ. ನಮ್ಮತ್ತೆ ಈಗ ಎಲ್ಲ ಕಡೆ ಕನ್ನಡದಲ್ಲೇ ಹಾಕ್ತಾರೆ, ಲೈಸೆನ್ಸಲ್ಲೂ ಅದೇ, ಮುಂದಿನ ಸಲದ ಬ್ಯಾಲಟ್ ಕವರಿಗೂ ಅದೇ.