ಪ್ರಾರ್ಥನೆಯ ಹಾಡು ಪ್ರೇಮಗೀತೆಯಾಗುವಾಗ: ನನ್ನ ಅನುಭವ

ಹಳೆಯ ಕ್ರೈಸ್ತ ಗೀತೆಯೊಂದನ್ನು ಪಾಪ್ ಪ್ರೇಮಗೀತೆಯಾಗಿ ಮರುಸಂಯೋಜಿಸುವ ಕೆಲಸ ಕೈಗೆ ಬಂದಾಗ, ಮಟ್ಟಿನ ಕಡೆಗೆ ಗಮನ ಕೊಡುವ ಮೊದಲು ನಾನು ಅದರ ಸಾಹಿತ್ಯವನ್ನು ಓದಿ, ಅದು ದೇವರನ್ನು ಸ್ತುತಿಸುತ್ತದೆಯೋ ಅಥವಾ ದೇವರಲ್ಲಿ ಏನನ್ನಾದರೂ ಬೇಡಿಕೊಳ್ಳುತ್ತದೆಯೋ ಎಂಬುದನ್ನು ಗುರುತಿಸಿಕೊಳ್ಳುತ್ತೇನೆ. ಬೇಡಿಕೆಯ ಗೀತೆ ಪ್ರೇಮಗೀತೆಯಾಗಲು ಬೇಗ ಒಗ್ಗುತ್ತದೆ. ಸರ್ವಶಕ್ತನಿಗೆ ಸಲ್ಲುವ ಸ್ತುತಿಯನ್ನು ಮನುಷ್ಯರೊಬ್ಬರ ಮೇಲೆ ಹೊರಿಸಿದರೆ ಅದು ಮುಖಸ್ತುತಿಯಂತೆ ಕೇಳಿಸುತ್ತದೆ. ‘ನನ್ನ ಜೊತೆಗಿರು’ ಎಂಬ ಮೊರೆಯಾದರೋ ಯಾರ ಮುಂದಿಟ್ಟರೂ ಹಗುರವಾಗುವುದಿಲ್ಲ.

ಫಿಲಡೆಲ್ಫಿಯಾದ ಮೆಥಡಿಸ್ಟ್ ಬೋಧಕ ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ 1905ರಲ್ಲಿ ರಚಿಸಿದ ‘ಸ್ಟ್ಯಾಂಡ್ ಬೈ ಮಿ’ ಬದುಕಿನ ಬಿರುಗಾಳಿಯಲ್ಲಿ ದೇವರ ಆಸರೆಯನ್ನು ಕೋರುವ ಗೀತೆ. 1961ರಲ್ಲಿ ಬೆನ್ ಇ. ಕಿಂಗ್ ಅದೇ ಹೆಸರಿನ ಪ್ರೇಮಗೀತೆಯಲ್ಲಿ ಅದೇ ಮೊರೆಯನ್ನು ಪ್ರಿಯತಮೆಯ ಮುಂದಿಟ್ಟರು. ಪರ್ವತಗಳು ಸಮುದ್ರಕ್ಕೆ ಕುಸಿಯುವ, ಬೈಬಲಿನ 46ನೇ ಕೀರ್ತನೆಯ ಚಿತ್ರವೂ ಅದರೊಳಗೆ ಉಳಿದುಕೊಂಡಿತು. ಇದಕ್ಕೆ ಪ್ರತಿಯಾಗಿ, ಸ್ಯಾಮ್ ಕುಕ್ ತಮ್ಮ ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಸಂಗೀತ) ತಂಡದ ‘ವಂಡರ್‌ಫುಲ್’ ಎಂಬ ಸ್ತುತಿಗೀತೆಯ ವಿಶೇಷಣ ಮತ್ತು ಸರ್ವನಾಮಗಳನ್ನು ಬದಲಿಸಿ, ಡೇಲ್ ಕುಕ್ ಎಂಬ ಹೆಸರಿನಲ್ಲಿ ‘ಲವಬಲ್’ ಹಾಡಿದರು. ಅವರ ಕಂಠವನ್ನು ನಾನು ಎಷ್ಟೇ ಪ್ರೀತಿಸಿದರೂ ಆ ಹಾಡು ಅರ್ಧ ದಾರಿಯಲ್ಲಿ ನಿಂತಿದೆಯೆಂದೇ ನನ್ನ ಅಭಿಪ್ರಾಯ. ಸ್ತುತಿಯನ್ನು ದಾಟಿಸಲು ಬೇಕಾದುದನ್ನು ರೇ ಚಾರ್ಲ್ಸ್ 1954ರಲ್ಲೇ ತೋರಿಸಿದ್ದರು: ‘ಇಟ್ ಮಸ್ಟ್ ಬಿ ಜೀಸಸ್’ ಎಂಬ ಗಾಸ್ಪೆಲ್ ಗೀತೆಯ ಜಾಡಿನಲ್ಲಿ ‘ಐ ಗಾಟ್ ಎ ವುಮನ್’ ಕಟ್ಟಿದಾಗ, ಅವರು ಊರಿನ ಆಚೆ ತುದಿಯಲ್ಲಿರುವ, ಅಡಚಣೆಯ ವೇಳೆಗೆ ಹಣ ಕೊಡುವ ನಿಜವಾದ ಹೆಣ್ಣೊಬ್ಬಳನ್ನು ಹಾಡಿನೊಳಗೆ ತಂದರು. ನಾನೂ ಸ್ತುತಿಯ ಪ್ರತಿ ಸಾಲಿನ ಜಾಗದಲ್ಲಿ ಒಬ್ಬ ವ್ಯಕ್ತಿ ಕೈಯಾರೆ ಮಾಡಬಹುದಾದ ಒಂದು ಕೆಲಸವನ್ನು ಬರೆಯುತ್ತೇನೆ.

ಸಾಹಿತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಕೋರಸ್. ಪ್ರಾರ್ಥನಾ ಸಭೆಯಲ್ಲಿ ಒಬ್ಬರು ಹಾಡಿದ ಸಾಲಿಗೆ ಉಳಿದವರೆಲ್ಲ ದನಿಗೂಡಿಸುವುದರಿಂದ ಅದು ಎಲ್ಲರ ವಿಶ್ವಾಸದ ಮಾತಾಗುತ್ತದೆ. ಪ್ರೇಮಗೀತೆಯಲ್ಲಿ ಒಂದು ಗುಂಪು ನಿಂತು ಅದನ್ನೇ ಅನುಮೋದಿಸಿದರೆ ಇಬ್ಬರ ನಡುವಿನ ಏಕಾಂತ ಕೆಡುತ್ತದೆ. ಹಾಗೆಂದು ಕೋರಸ್ಸನ್ನು ಪೂರ್ತಿ ತೆಗೆದುಹಾಕಿದರೆ ಆ ಗೀತೆಯ ಉಸಿರೇ ಹೋಗುತ್ತದೆ. ಆದ್ದರಿಂದ ನಾನು ಮೊದಲ ಚರಣದಲ್ಲಿ ಹಿನ್ನೆಲೆಯ ದನಿಗಳಿಗೆ ಪದಗಳನ್ನೇ ಕೊಡದೆ ‘ಊ’ ಎಂಬ ಗುಂಗನ್ನಷ್ಟೇ ಕೊಡುತ್ತೇನೆ. ಎರಡನೆಯದರಲ್ಲಿ ಗಾಯಕಿ ಹಾಡಿದ ಸಾಲಿನ ಕೊನೆಯ ಎರಡು ಪದಗಳನ್ನು ಅವಳದೇ ದನಿಯಲ್ಲಿ, ಮೆಲ್ಲಗೆ, ಮರುಧ್ವನಿಸುತ್ತೇನೆ. ಆಗ ಸಭೆಯ ಉತ್ತರವು ಅವಳು ತನಗೆ ತಾನೇ ಹೇಳಿಕೊಳ್ಳುವ ಮಾತಾಗುತ್ತದೆ.

ಮುಕ್ತಾಯವೂ ಇಂಥದ್ದೇ. ಸಿ ಮೇಜರ್‌ನಲ್ಲಿರುವ ಗೀತೆಯಾದರೆ ‘ಆಮೆನ್’ ಎನ್ನುವಾಗ ಎಫ್ ಕಾರ್ಡ್‌ನಿಂದ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸಿ ಕಾರ್ಡ್‌ಗೆ ಇಳಿಯುತ್ತಾರೆ, ಮತ್ತು ಆ ಇಳಿತದಲ್ಲಿ ಪ್ರಾರ್ಥನೆ ಸಂದಿತೆಂಬ ನೆಮ್ಮದಿಯಿರುತ್ತದೆ. ಪ್ರೇಮಿಗೆ ಇನ್ನೂ ಉತ್ತರ ಸಿಕ್ಕಿಲ್ಲವಾದ್ದರಿಂದ, ನಾನು ಬೇಸ್‌ನಲ್ಲಿ, ಅಂದರೆ ತಗ್ಗಿನ ದನಿಯಲ್ಲಿ, ಸಿ ಸ್ವರವನ್ನು ಹಿಡಿದಿಟ್ಟು, ಅದರ ಮೇಲೆ ಎಫ್ ಕಾರ್ಡನ್ನು ಇಳಿಸದೆ ನಿಲ್ಲಿಸುತ್ತೇನೆ.

ಹಕ್ಕುಗಳ ವಿಷಯದಲ್ಲಿ ಮೈಮರೆಯುವಂತಿಲ್ಲ. ಟಿಂಡ್ಲಿಯವರ 1905ರ ಗೀತೆಯಂಥವು ಈಗ ಸಾರ್ವಜನಿಕ ಸ್ವತ್ತಾಗಿದ್ದರೂ, ಅವುಗಳ ಮೇಲೆ ಇತ್ತೀಚೆಗೆ ಮಾಡಿದ ವಾದ್ಯಸಂಯೋಜನೆಗೆ ಬೇರೆಯೇ ಹಕ್ಕಿರಬಹುದು. ಇದ್ದ ಹಾಡನ್ನು ಇದ್ದಂತೆ ಹಾಡಲು ಸಿಗುವ ಪರವಾನಗಿಯಿಂದ ಸಾಹಿತ್ಯ ಬದಲಿಸುವ ಹಕ್ಕು ಬರುವುದಿಲ್ಲ; ಅದಕ್ಕೆ ಹಕ್ಕುದಾರರ ಒಪ್ಪಿಗೆಯನ್ನು ಪ್ರತ್ಯೇಕವಾಗಿ, ಬರಹದಲ್ಲಿ ಪಡೆಯಬೇಕು.

ಭಕ್ತಿಗೀತೆಯನ್ನು ಹೀಗೆ ಬದಲಿಸಬಾರದೆಂಬ ವಿಶ್ವಾಸಿಗಳ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಬ್ಲೂಸ್ ಎಂಬ ಲೌಕಿಕ ಹಾಡುಗಾರಿಕೆಯ ಗಾಯಕ ಬಿಗ್ ಬಿಲ್ ಬ್ರೂಂಜಿಯವರೇ ರೇ ಚಾರ್ಲ್ಸ್ ಬ್ಲೂಸ್‌ಗೆ ಭಕ್ತಿಗೀತೆಗಳನ್ನು ಬೆರೆಸುತ್ತಿದ್ದಾರೆಂದು ಬೇಸರಪಟ್ಟಿದ್ದರು. ಸಾಂತ್ವನ, ಒಡನಾಟ, ಕಾಯುವಿಕೆಗಳನ್ನು ಹಾಡುವ ಗೀತೆಗಳನ್ನು ನಾನು ನಿಸ್ಸಂಕೋಚವಾಗಿ ಕೈಗೆತ್ತಿಕೊಳ್ಳುತ್ತೇನೆ. ಶಿಲುಬೆಯನ್ನೂ ಅಲ್ಲಿ ಸುರಿದ ರಕ್ತವನ್ನೂ ಕುರಿತ ಗೀತೆಗಳನ್ನು, ಅವುಗಳ ಮಟ್ಟು ಎಷ್ಟೇ ಸೆಳೆದರೂ, ಮುಟ್ಟುವುದಿಲ್ಲ. ಆ ಸಾಲುಗಳ ಜಾಗದಲ್ಲಿ ಇಡಬಹುದಾದ ಮಾತು ಯಾವ ಪ್ರೇಮಿಯ ಬಳಿಯೂ ಇಲ್ಲ.