ಕರುಳಿನ ಚೀಲಗಳು ಮತ್ತು ಬೀಜದ ಭಯ

ದೊಡ್ಡ ಕರುಳಿನ ಗೋಡೆಯಲ್ಲಿ ಸಣ್ಣ ಚೀಲಗಳಿವೆ ಎಂದು ಕೊಲೊನೋಸ್ಕೋಪಿಯಲ್ಲಿ ಗೊತ್ತಾದವರು ಆಹಾರದ ಸಲಹೆಗೆ ನನ್ನ ಹತ್ತಿರ ಬರುವಷ್ಟರಲ್ಲಿ ಅರ್ಧ ಪಥ್ಯ ಶುರು ಮಾಡಿಬಿಟ್ಟಿರುತ್ತಾರೆ. ಟೊಮೆಟೊ ಬಿಟ್ಟೆ, ಎಳ್ಳು ಬಿಟ್ಟೆ, ಬಾದಾಮಿ ಮುಟ್ಟುತ್ತಿಲ್ಲ ಅನ್ನುತ್ತಾರೆ. ಬೀಜ ಆ ಚೀಲದಲ್ಲಿ ಸಿಕ್ಕಿಕೊಂಡು ಕೀವಾಗುತ್ತದೆ ಎಂಬ ಭಯ. ನಾನು ಮೊದಲು ಬಿಡಿಸುವುದು ಈ ಭಯವನ್ನೇ. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಪುರುಷರನ್ನು 18 ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಾದಾಮಿಯಂಥ ಕಾಯಿಬೀಜ, ಪಾಪ್‌ಕಾರ್ನ್ ಹೆಚ್ಚು ತಿಂದವರಿಗೆ ಚೀಲದ ಉರಿಯೂತ, ಅಂದರೆ ಡೈವರ್ಟಿಕ್ಯುಲೈಟಿಸ್, ಹೆಚ್ಚಾಗಿರಲಿಲ್ಲ, ಕಡಿಮೆಯೇ ಇತ್ತು. ಬೀಜಕ್ಕೆ ಹೆದರಿ ಹಣ್ಣು, ಕಾಳು ಬಿಟ್ಟವರಿಗೆ ಬೇಕಾದ ನಾರಿನಂಶವೇ ತಪ್ಪಿಹೋಗುತ್ತದೆ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

ನಾರನ್ನು ಒಮ್ಮೆಲೇ ಹೆಚ್ಚಿಸಲು ನಾನು ಬಿಡುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ 'ಇದು ನನಗೆ ಆಗಿಬರುವುದಿಲ್ಲ' ಎಂದು ಕೈಬಿಡುತ್ತಾರೆ. ಮೊದಲ ವಾರ ಒಂದು ಹೊತ್ತಿನ ಊಟದಲ್ಲಿ ಮಾತ್ರ ಇಡಿಧಾನ್ಯ. ಅದು ಒಗ್ಗಿದ ಮೇಲೆ ಬೇಯಿಸಿದ ಕಾಳು, ಆಮೇಲೆ ಸಿಪ್ಪೆ ಸಮೇತ ಹಣ್ಣು, ಜೊತೆಗೆ ಸಾಕಷ್ಟು ನೀರು. ದಿನಕ್ಕೆ 25ರಿಂದ 30 ಗ್ರಾಂ ನಾರು ತಲುಪಲು ಕೆಲವರಿಗೆ ಎರಡು ತಿಂಗಳೇ ಹಿಡಿಯುತ್ತದೆ, ಹಿಡಿಯಲಿ. ನಾರಿನ ಪುಡಿ ಬೇಡ ಎನ್ನುವುದಿಲ್ಲ, ಆದರೆ ತಟ್ಟೆಯಲ್ಲಿರುವ ಊಟದ ಮೇಲೇ ನನಗೆ ಹೆಚ್ಚು ನಂಬಿಕೆ.

ಊಟದ ಮಾತು ಮುಗಿದ ಮೇಲೆ ಮಾತ್ರೆಯ ವಿಷಯ ಎತ್ತುತ್ತೇನೆ. 'ಯಾವ ಔಷಧಿ ತೆಗೆದುಕೊಳ್ಳುತ್ತೀರಿ?' ಎಂದರೆ ಬಿಪಿ, ಸಕ್ಕರೆಯ ಮಾತ್ರೆಗಳನ್ನಷ್ಟೇ ಹೇಳುತ್ತಾರೆ. 'ಮಂಡಿ ನೋವು, ತಲೆನೋವು ಬಂದಾಗ ಏನು ನುಂಗುತ್ತೀರಿ?' ಎಂದು ಬಿಡಿಸಿ ಕೇಳಿದಾಗಲೇ ಐಬುಪ್ರೊಫೆನ್, ಡೈಕ್ಲೋಫೆನಾಕ್ ಹೊರಬರುವುದು. ಇವನ್ನು ಪದೇಪದೇ ನುಂಗುವವರಲ್ಲಿ ಚೀಲದ ಉರಿಯೂತವೂ ರಕ್ತಸ್ರಾವವೂ ಹೆಚ್ಚು. ಬದಲಿ ಮಾತ್ರೆ ಯಾವುದೆಂದು ವೈದ್ಯರನ್ನು ಕೇಳಲು ಕಳಿಸುತ್ತೇನೆ. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ನನ್ನು ಮಾತ್ರ ಯಾರೂ ತಾವಾಗಿಯೇ ನಿಲ್ಲಿಸಬಾರದು, ಇದನ್ನು ಎರಡು ಸಲ ಹೇಳಿಯೇ ಕಳಿಸುತ್ತೇನೆ.

ಸಿಗರೇಟು, ಕೆಂಪು ಮಾಂಸ, ಸೊಂಟದ ಸುತ್ತಳತೆ, ಮೈ ಬೆವರುವಷ್ಟು ವ್ಯಾಯಾಮ: ಇವುಗಳ ಬಗ್ಗೆ ಒಂದೊಂದು ಭೇಟಿಗೆ ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ. ಎಲ್ಲವನ್ನೂ ಒಂದೇ ದಿನ ಹೇರಿದರೆ ಯಾವುದೂ ನಿಲ್ಲದು. 2017ರ ಅಧ್ಯಯನವೊಂದರ ಲೆಕ್ಕದಲ್ಲಿ ನಾರು ಹೆಚ್ಚು, ಕೆಂಪು ಮಾಂಸ ಕಡಿಮೆ, ಹಿತಮಿತ ತೂಕ, ವ್ಯಾಯಾಮ, ಧೂಮಪಾನವಿಲ್ಲದಿರುವುದು ಈ ಐದೂ ಕೂಡಿದರೆ ಉರಿಯೂತದ ಸುಮಾರು ಅರ್ಧದಷ್ಟು ಪ್ರಕರಣಗಳನ್ನು ತಪ್ಪಿಸಬಹುದಿತ್ತು.

'ನಾನೇ ತಂದುಕೊಂಡ ರೋಗ' ಎಂದು ಕೊರಗುವವರಿಗೆ ಉಳಿದರ್ಧದ ಮಾತು ಹೇಳುತ್ತೇನೆ. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಈ ರೋಗದಲ್ಲಿ ವಂಶವಾಹಿಯ ಪಾಲು ದೊಡ್ಡದು. ವಯಸ್ಸಾದಂತೆ ಚೀಲಗಳು ಬಹಳ ಜನರಲ್ಲಿ ಕಾಣಿಸಿಕೊಳ್ಳುತ್ತವೆ, ಹೆಚ್ಚಿನವರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ಕಿಬ್ಬೊಟ್ಟೆಯ ಎಡಭಾಗದಲ್ಲಿ ಬಿಡದ ನೋವು, ಜ್ವರ ಬಂದರೆ, ಇಲ್ಲವೇ ಮಲದಲ್ಲಿ ರಕ್ತ ಕಂಡರೆ ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟು ನೇರ ವೈದ್ಯರಲ್ಲಿಗೆ ಹೋಗಬೇಕು. ಉರಿಯೂತ ಜೋರಾಗಿರುವ ದಿನಗಳಲ್ಲಿ ಲೆಕ್ಕ ತಲೆಕೆಳಗು: ತಿಳಿಯಾದ ದ್ರವ, ನಂತರ ನಾರು ಕಡಿಮೆಯಿರುವ ಮೆತ್ತನೆಯ ಊಟ. ನೋವು ಪೂರ್ತಿ ಇಳಿದ ಮೇಲಷ್ಟೇ ಮತ್ತೆ ಒಂದು ಹೊತ್ತಿನ ಇಡಿಧಾನ್ಯದಿಂದ ಆರಂಭಿಸುತ್ತೇವೆ.